ಅಮೆರಿಕದ ಅಧ್ಯಕ್ಷ ಆಕಾಂಕ್ಷಿಗಳನ್ನು ಅಳೆಯುವುದು ಹೇಗೆ? ಹೊಸದಾಗಿ ಪೌರತ್ವ ಪಡೆದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮುಂದಿನ ಅಧ್ಯಕ್ಷೀಯ ಚುನಾವಣೆ 2028ರ ನವೆಂಬರ್ 7, ಮಂಗಳವಾರ. ಎರಡು ಬಾರಿ ಆಯ್ಕೆಯಾದವರು ಮತ್ತೆ ಆಯ್ಕೆಯಾಗುವಂತಿಲ್ಲ ಎನ್ನುತ್ತದೆ ಸಂವಿಧಾನದ 22ನೇ ತಿದ್ದುಪಡಿ. ಹಾಗಾಗಿ ಡೊನಾಲ್ಡ್ ಟ್ರಂಪ್ ಕಣದಲ್ಲಿರುವುದಿಲ್ಲ, ಎರಡೂ ಪಕ್ಷಗಳಲ್ಲಿ ಆಕಾಂಕ್ಷಿಗಳ ಸಾಲು ಉದ್ದವಾಗಲಿದೆ. ಮೊದಲ ಬಾರಿ ಮತ ಹಾಕುವವರಿಗೆ ಬರುವ ಸಂದೇಹಗಳಿಗೆ ಇಲ್ಲಿ ಉತ್ತರಗಳಿವೆ. ಯಾರಿಗೆ ಮತ ಹಾಕಬೇಕು ಎಂದು ಇದು ಹೇಳುವುದಿಲ್ಲ.

ಗ್ರೀನ್ ಕಾರ್ಡ್ ಇದ್ದರೆ ಮತ ಹಾಕಬಹುದೇ?

ಇಲ್ಲ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ), ಎಚ್-1ಬಿ (ಉದ್ಯೋಗ ವೀಸಾ), ಎಚ್-4 (ಅವರ ಕುಟುಂಬದವರ ವೀಸಾ) ಯಾವುದಿದ್ದರೂ ಅಧ್ಯಕ್ಷೀಯ ಚುನಾವಣೆಯಲ್ಲಿ ಮತವಿಲ್ಲ. ಪೌರರಲ್ಲದವರು ಮತ ಹಾಕಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು, ದೇಶದಿಂದ ಹೊರಹಾಕಲೂಬಹುದು. ಬೇಕೆಂದೇ ತಪ್ಪು ಮಾಡುವವರು ವಿರಳ. ಸಿಕ್ಕಿಬೀಳುವುದು ಬಹುತೇಕ ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ. 1993ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಅರ್ಜಿಯ ಜೊತೆಗೇ ಮತದಾರರ ನೋಂದಣಿಯನ್ನೂ ಕೇಳುತ್ತಾರೆ. ಓದದೆ ‘ಹೌದು’ ಒತ್ತಿದರೆ ಸುಳ್ಳು ಪೌರತ್ವ ಹೇಳಿಕೊಂಡಂತಾಗುತ್ತದೆ. ಮುಂದೆ ಪೌರತ್ವಕ್ಕಾಗಿ ತುಂಬುವ ಎನ್-400 ಅರ್ಜಿಯಲ್ಲಿ, ಎಂದಾದರೂ ಮತದಾರರಾಗಿ ನೋಂದಾಯಿಸಿದ್ದಿರಾ ಎಂಬ ಪ್ರಶ್ನೆ ಇದ್ದೇ ಇದೆ. ತಪ್ಪಿ ಮತದಾರರ ಕಾರ್ಡ್ ಮನೆಗೆ ಬಂದರೆ ಮತ ಹಾಕಬೇಡಿ. ವಲಸೆ ವಿಷಯದ ವಕೀಲರನ್ನು ಕಂಡು, ಅವರ ಸಲಹೆಯಂತೆ ಹೆಸರು ತೆಗೆಸಿ.

ಪೌರತ್ವದ ಪ್ರಮಾಣವಚನ ಆಯಿತು. ಮುಂದೇನು?

ಭಾರತದ ಹಾಗೆ ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ ಮತದಾರರ ಪಟ್ಟಿ ಮಾಡಿ, ಗುರುತಿನ ಚೀಟಿ ಕೊಡುವ ಪದ್ಧತಿ ಇಲ್ಲಿಲ್ಲ. ಚುನಾವಣೆ ನಡೆಸುವುದು ರಾಜ್ಯ, ಬಹುಪಾಲು ಕೆಲಸ ನಿಮ್ಮ ಕೌಂಟಿಯದು (ನಮ್ಮ ಜಿಲ್ಲೆ ಇದ್ದಂತೆ). ಹೆಸರು ಸೇರಿಸಿಕೊಳ್ಳುವುದು ನಿಮ್ಮ ಹೊಣೆ. ಮನೆ ಬದಲಾಯಿಸಿದಾಗಲೆಲ್ಲ ವಿಳಾಸ ತಿದ್ದಿಸಬೇಕು. ಟೆಕ್ಸಾಸ್‌ನಲ್ಲಿ ಚುನಾವಣೆಗೆ 30 ದಿನ ಮೊದಲೇ ನೋಂದಣಿ ಮುಗಿಯುತ್ತದೆ, ನ್ಯೂಜೆರ್ಸಿಯಲ್ಲಿ 21 ದಿನ. ಮಿನ್ನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ಮತದಾನದ ದಿನವೇ ನೋಂದಾಯಿಸಬಹುದು. ನಾರ್ತ್ ಡಕೋಟದಲ್ಲಿ ನೋಂದಣಿಯೇ ಇಲ್ಲ.

ನಮ್ಮವರಿಗೆ ತೊಡಕಾಗುವ ಜಾಗಗಳು ಎರಡು. ಒಂದು, ಹೆಸರು. ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಒಂದೊಂದು ದಾಖಲೆಯಲ್ಲಿ ಒಂದೊಂದು ಕಡೆ ಕೂತಿರುತ್ತವೆ. ನೋಂದಣಿ ಅರ್ಜಿಯನ್ನು ಲೈಸೆನ್ಸ್ ಸಂಖ್ಯೆ ಅಥವಾ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ 4 ಅಂಕಿಗಳ ಜೊತೆ ತಾಳೆ ನೋಡುತ್ತಾರೆ. ಹೆಸರಿನ ಕ್ರಮ ಬೇರೆಯಾದರೆ ಅರ್ಜಿ ನಿಂತುಬಿಡಬಹುದು. ಎರಡು, ಹಳೆಯ ದಾಖಲೆ. ನೀವು ಪೌರರಾದ ಸಂಗತಿ ಲೈಸೆನ್ಸ್ ಕಚೇರಿಗೆ ತಾನಾಗಿ ಗೊತ್ತಾಗುವುದಿಲ್ಲ. ಅಲ್ಲಿ ‘ಪೌರರಲ್ಲ’ ಎಂದೇ ಉಳಿದಿದ್ದರೆ ಪರಿಶೀಲನೆಯಲ್ಲಿ ನಿಮ್ಮ ಹೆಸರು ಎದ್ದು ಕಾಣುತ್ತದೆ. ಪ್ರಮಾಣವಚನವಾದ ಕೂಡಲೇ ಸೋಷಿಯಲ್ ಸೆಕ್ಯುರಿಟಿ ದಾಖಲೆ (ಎನ್-400ರಲ್ಲೇ ಒಪ್ಪಿಗೆ ಕೊಟ್ಟಿರದಿದ್ದರೆ), ಬಳಿಕ ಲೈಸೆನ್ಸ್, ಆಮೇಲೆ ಮತದಾರರ ನೋಂದಣಿ. ಈ ಕ್ರಮದಲ್ಲೇ ಮಾಡಿ. ಮೂರರಲ್ಲೂ ಹೆಸರು ಪೌರತ್ವ ಪ್ರಮಾಣಪತ್ರದಲ್ಲಿ ಇರುವಂತೆಯೇ ಇರಲಿ.

ಪ್ರೈಮರಿ ಎಂದರೇನು? ನವೆಂಬರ್‌ನಲ್ಲಿ ಮತ ಹಾಕಿದರೆ ಸಾಲದೇ?

ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಇಲ್ಲಿ ಟಿಕೆಟ್ ಯಾರಿಗೆ ಎಂದು ನಿರ್ಧರಿಸುವುದೇ ಮತದಾರರು, ಅದಕ್ಕೆ ನಡೆಯುವ ಮತದಾನವೇ ಪ್ರೈಮರಿ. ಕೆಲವು ರಾಜ್ಯಗಳಲ್ಲಿ ಅದರ ಬದಲು ಪಕ್ಷದ ಸಭೆ ನಡೆಯುತ್ತದೆ, ಅದು ಕಾಕಸ್. ನಿಜವಾದ ಆಯ್ಕೆ ಇರುವುದು ಇಲ್ಲೇ. ನವೆಂಬರ್ ಹೊತ್ತಿಗೆ ಗೆಲ್ಲುವ ಅವಕಾಶವಿರುವವರು ಇಬ್ಬರೇ ಉಳಿದಿರುತ್ತಾರೆ. ಇಬ್ಬರೂ ಇಷ್ಟವಿಲ್ಲ ಎಂದು ಆಗ ಬೇಸರಪಡುವವರಲ್ಲಿ ಹೆಚ್ಚಿನವರು ಪ್ರೈಮರಿಯಲ್ಲಿ ಮತ ಹಾಕಿರುವುದಿಲ್ಲ.

ಪ್ರೈಮರಿಯಲ್ಲಿ ಲೆಕ್ಕಕ್ಕೆ ಬರುವುದು ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪ್ರತಿನಿಧಿಗಳು. ಡೆಮಾಕ್ರಟಿಕ್ ಪಕ್ಷದಲ್ಲಿ ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ, ಆದರೆ ಶೇ 15 ದಾಟದವರಿಗೆ ಏನೂ ಸಿಗುವುದಿಲ್ಲ. ರಿಪಬ್ಲಿಕನ್ ಪಕ್ಷದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವೆಡೆ ಮೊದಲು ಬಂದವರಿಗೇ ಅಷ್ಟೂ ಡೆಲಿಗೇಟ್‌ಗಳು. ಹತ್ತು ಜನ ಸ್ಪರ್ಧೆಯಲ್ಲಿದ್ದು ನಿಮ್ಮ ಮೆಚ್ಚಿನವರು ಶೇ 6ರಲ್ಲಿ ತೂಗಾಡುತ್ತಿದ್ದರೆ ಈ ಶೇ 15ರ ಗೆರೆಯನ್ನು ನೆನಪಿಡಿ. ಎರಡನೇ ಆಯ್ಕೆ ಯಾರೆಂದೂ ಮೊದಲೇ ಯೋಚಿಸಿಟ್ಟುಕೊಳ್ಳಿ.

ಪ್ರೈಮರಿಗೆ ಪಕ್ಷದ ಸದಸ್ಯರಾಗಬೇಕೇ?

ರಾಜ್ಯದ ಮೇಲೆ ಹೋಗುತ್ತದೆ. ಫ್ಲಾರಿಡ, ನ್ಯೂಯಾರ್ಕ್, ಪೆನ್ಸಿಲ್ವೇನಿಯಗಳಲ್ಲಿ ಆಯಾ ಪಕ್ಷದ ಹೆಸರಿನಲ್ಲಿ ನೋಂದಾಯಿಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿ. ಕೊನೆಗಳಿಗೆಯಲ್ಲಿ ಪಕ್ಷ ಬದಲಿಸಲು ಬಿಡುವುದಿಲ್ಲ, ಅದಕ್ಕೂ ಗಡುವಿದೆ. ಟೆಕ್ಸಾಸ್, ವರ್ಜೀನಿಯ, ಜಾರ್ಜಿಯಗಳಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಮತಗಟ್ಟೆಯಲ್ಲಿ ಯಾವ ಪಕ್ಷದ ಮತಪತ್ರ ಬೇಕೆಂದು ಹೇಳಿದರಾಯಿತು. ಎರಡರಲ್ಲೂ ಮತ ಹಾಕುವಂತಿಲ್ಲ.

ಬೇ ಏರಿಯ ಮತ್ತು ಸಿಯಾಟಲ್‌ನವರು ಇದನ್ನು ಗಮನಿಸಬೇಕು. ಕ್ಯಾಲಿಫೋರ್ನಿಯದ ಅರ್ಜಿಯಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಎಂದು ಕಂಡರೆ ಅದು ಪಕ್ಷೇತರ ಎಂದಲ್ಲ, ಅದೊಂದು ಪಕ್ಷದ ಹೆಸರು. ಸ್ವತಂತ್ರವಾಗಿರಬೇಕೆಂದು ಅದಕ್ಕೆ ಗುರುತು ಹಾಕಿ, ಪ್ರೈಮರಿಯಲ್ಲಿ ಬೇಕಾದ ಮತಪತ್ರ ಸಿಗದೆ ಪೇಚಾಡಿದವರು ಬಹಳ. ಪಕ್ಷ ಬೇಡವೆಂದರೆ ‘ನೋ ಪಾರ್ಟಿ ಪ್ರಿಫರೆನ್ಸ್’ ಆರಿಸಬೇಕು. ಆಗಲೂ ಅಂಚೆಯಲ್ಲಿ ಬರುವ ಮತಪತ್ರದಲ್ಲಿ ಅಧ್ಯಕ್ಷ ಹುದ್ದೆಯ ಆಕಾಂಕ್ಷಿಗಳ ಹೆಸರು ಇರುವುದಿಲ್ಲ, ಪಕ್ಷ ಅನುಮತಿಸಿದ್ದರೆ ಅದರ ಮತಪತ್ರವನ್ನು ನೀವೇ ಕೇಳಿ ಪಡೆಯಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಅಧ್ಯಕ್ಷೀಯ ಪ್ರೈಮರಿಯ ಲಕೋಟೆಯ ಮೇಲೆ ಪಕ್ಷದ ಚೌಕಕ್ಕೆ ಗುರುತು ಹಾಕದಿದ್ದರೆ ಮತ ಎಣಿಕೆಗೆ ಸೇರುವುದಿಲ್ಲ.

ಇಷ್ಟೊಂದು ಆಕಾಂಕ್ಷಿಗಳು, ಇಷ್ಟೊಂದು ಭರವಸೆಗಳು. ಎಲ್ಲಿಂದ ಶುರು ಮಾಡುವುದು?

‘ಇದು ಒಳ್ಳೆಯದೇ?’ ಎಂದು ಕೇಳುವ ಮೊದಲು ‘ಇದು ಯಾರ ಕೈಯಲ್ಲಿದೆ?’ ಎಂದು ಕೇಳಿ. ಅಮೆರಿಕದ ಅಧ್ಯಕ್ಷರ ಅಧಿಕಾರ ಕೆಲವು ಕಡೆ ಅಪಾರ, ಕೆಲವು ಕಡೆ ಬಹಳ ಕಡಿಮೆ. ಅಭ್ಯರ್ಥಿಯ ಜಾಲತಾಣದಿಂದ ನಿಮಗೆ ಮುಖ್ಯವೆನಿಸುವ ಐದಾರು ಭರವಸೆಗಳನ್ನು ಬರೆದುಕೊಂಡು, ಪ್ರತಿಯೊಂದರ ಎದುರು ಈ ನಾಲ್ಕರಲ್ಲಿ ಒಂದನ್ನು ಗುರುತಿಸಿ.

‘ಸಹಿ’: ಅಧ್ಯಕ್ಷರು ತಾವೇ ಮಾಡಬಹುದಾದದ್ದು. ವಿದೇಶಾಂಗ ನೀತಿಯ ಬಹುಭಾಗ, ಕ್ಷಮಾದಾನ, ಕಾರ್ಯಾಂಗದ ಆದೇಶಗಳು ಇದರಲ್ಲಿ ಬರುತ್ತವೆ. ಬೇಗ ಆಗುತ್ತದೆ, ಮುಂದಿನ ಅಧ್ಯಕ್ಷರು ಮೊದಲ ದಿನವೇ ಆದೇಶವನ್ನು ರದ್ದು ಮಾಡಲೂಬಹುದು. ಕ್ಷಮಾದಾನ ಮಾತ್ರ ಹಿಂದೆ ಬಾರದು.

‘ನಿಯಮ’: ಇಲಾಖೆಗಳು ಕರಡು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳಿ ಮಾಡಬೇಕಾದದ್ದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೋರ್ಟಿಗೂ ಹೋಗುತ್ತದೆ.

‘ಕಾಯ್ದೆ’: ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಪ್ಪಬೇಕಾದದ್ದು. ಆದಾಯ ತೆರಿಗೆಯ ದರ, ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ), ಬಜೆಟ್ ಇಲ್ಲಿವೆ. 100 ಸದಸ್ಯರ ಸೆನೆಟ್‌ನಲ್ಲಿ ಹೆಚ್ಚಿನ ಮಸೂದೆಗಳು ಮುಂದೆ ಸಾಗಲು 60 ಮತ ಬೇಕು. ತೆರಿಗೆ, ವೆಚ್ಚದ ಕೆಲವು ಮಸೂದೆಗಳಿಗೆ ಮಾತ್ರ ಸರಳ ಬಹುಮತ ಸಾಕಾಗುವ ದಾರಿಯಿದೆ.

‘ರಾಜ್ಯ’: ಶಾಲೆಯ ಪಠ್ಯ, ಆಸ್ತಿ ತೆರಿಗೆ, ಸ್ಥಳೀಯ ಪೊಲೀಸ್. ಇಲ್ಲಿ ಅಧ್ಯಕ್ಷರು ಅನುದಾನದ ಮೂಲಕ ಒತ್ತಡ ಹೇರಬಹುದು, ತಾವೇ ನಡೆಸಲಾಗದು.

ಸಂವಿಧಾನ ತಿದ್ದುಪಡಿಯ ಭರವಸೆ ಕೊಟ್ಟರೆ ಎರಡೂ ಸದನಗಳ ಮೂರನೇ ಎರಡರಷ್ಟು ಮತ, ಆಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು. ನಾಲ್ಕು ವರ್ಷದಲ್ಲಿ ಆಗುವ ಕೆಲಸವೆಂದು ನಂಬಬೇಡಿ.

ಹೀಗೆ ಗುರುತು ಹಾಕಿದ ಮೇಲೆ ಒಬ್ಬೊಬ್ಬರ ಪಟ್ಟಿಯಲ್ಲಿ ‘ಕಾಯ್ದೆ’ ಎಷ್ಟಿದೆ, ಅದನ್ನು ಮಾಡಿಸುವ ದಾರಿಯನ್ನು ಅವರು ಹೇಳಿದ್ದಾರೆಯೇ ನೋಡಿ. ಯಾರ ಜೊತೆ ಮಾತಾಡುತ್ತಾರೆ, ಏನನ್ನು ಬಿಟ್ಟುಕೊಡಲು ಸಿದ್ಧ ಎಂದು ಹೇಳುವವರ ಮಾತಿಗೆ ನಮ್ಮ ಲೆಕ್ಕದಲ್ಲಿ ತೂಕ ಹೆಚ್ಚು.

ಗ್ರೀನ್ ಕಾರ್ಡ್ ಕ್ಯೂ ಕರಗಿಸುತ್ತೇವೆ ಎನ್ನುವವರನ್ನು ನಂಬಬಹುದೇ?

ಅಣ್ಣ, ತಂಗಿ, ಸ್ನೇಹಿತರು ಇನ್ನೂ ಆ ಕ್ಯೂನಲ್ಲಿರುವುದರಿಂದ ನಮ್ಮವರನ್ನು ಇಷ್ಟು ತಟ್ಟುವ ಪ್ರಶ್ನೆ ಇನ್ನೊಂದಿಲ್ಲ. ಹಾಗಾಗಿ ವಿವರವಾಗಿ ಹೇಳಬೇಕು.

ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಶೇ 7ರ ಮಿತಿ. ಎರಡೂ ಕಾಯ್ದೆಯಲ್ಲೇ ಇವೆ. ಎಚ್-1ಬಿಯ 65,000 ಮತ್ತು ಅಮೆರಿಕದ ಸ್ನಾತಕೋತ್ತರ ಪದವೀಧರರಿಗಿರುವ ಹೆಚ್ಚುವರಿ 20,000 ಕೂಡ ಕಾಯ್ದೆಯವೇ. ಯಾವ ಅಧ್ಯಕ್ಷರೂ ಸಹಿ ಹಾಕಿ ಇವನ್ನು ಹೆಚ್ಚಿಸಲಾರರು. ದೇಶವಾರು ಮಿತಿ ತೆಗೆಯುವ ಮಸೂದೆಯನ್ನು ಕಾಂಗ್ರೆಸ್‌ನ ಕೆಳಮನೆಯಾದ ಹೌಸ್ 2019ರ ಜುಲೈನಲ್ಲಿ 365-65 ಮತಗಳಿಂದ ಒಪ್ಪಿತ್ತು. ಸೆನೆಟ್ ಅದನ್ನು ಬದಲಿಸಿ 2020ರ ಡಿಸೆಂಬರ್‌ನಲ್ಲಿ ಒಪ್ಪಿತು. ಎರಡು ರೂಪಗಳು ಒಂದಾಗುವ ಮೊದಲೇ ಆ ಕಾಂಗ್ರೆಸ್‌ನ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. ಎರಡೂ ಸದನಗಳಲ್ಲಿ ಬೆಂಬಲವಿದ್ದೂ ಹೀಗಾಯಿತು ಎಂಬುದನ್ನು ಮರೆಯಬಾರದು.

ಬಿಗಿ ಮಾಡುವುದು ಸಡಿಲ ಮಾಡುವುದಕ್ಕಿಂತ ಸುಲಭ. 2020ರ ಜೂನ್‌ನಲ್ಲಿ ಅಧ್ಯಕ್ಷರ ಘೋಷಣೆಯೊಂದರಿಂದಲೇ ಹೊಸ ಎಚ್-1ಬಿ ಪ್ರವೇಶ ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಘೋಷಣೆ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ತಂದಿತು. ಎಚ್-4 ಸಂಗಾತಿಗಳ ಕೆಲಸದ ಅನುಮತಿ 2015ರ ಇಲಾಖಾ ನಿಯಮದಿಂದ ಬಂದದ್ದು, ನಿಯಮದಿಂದಲೇ ಹೋಗಬಹುದು. ಆದ್ದರಿಂದ ಅಭ್ಯರ್ಥಿಯನ್ನು ‘ಕ್ಯೂ ಕರಗಿಸುತ್ತೀರಾ’ ಎಂದು ಕೇಳಿದರೆ ಉಪಯೋಗ ಕಡಿಮೆ. ಘೋಷಣೆಯ ಅಧಿಕಾರವನ್ನು ಹೇಗೆ ಬಳಸುತ್ತೀರಿ, ಎಚ್-4 ನಿಯಮ ಉಳಿಸುತ್ತೀರಾ ಎಂದು ಕೇಳಿ. ಕ್ಯೂನ ಪ್ರಶ್ನೆಯನ್ನು ನಿಮ್ಮ ಹೌಸ್ ಸದಸ್ಯರಿಗೂ ಸೆನೆಟರ್‌ಗಳಿಗೂ ಕೇಳಿ. ಹೌಸ್ ಹುದ್ದೆ ಅದೇ ಮತಪತ್ರದಲ್ಲಿ ಕೆಳಗಡೆ ಇರುತ್ತದೆ, ಸೆನೆಟರ್ ಹುದ್ದೆ ಅವಧಿ ಮುಗಿಯುವ ವರ್ಷದಲ್ಲಿ ಮಾತ್ರ.

ಅವರ ಹಿಂದಿನ ಕೆಲಸವನ್ನು ಎಲ್ಲಿ ನೋಡುವುದು?

ಹೌಸ್, ಸೆನೆಟ್‌ಗಳಲ್ಲಿ ಇದ್ದವರಾದರೆ ಹೆಸರು ಕರೆದು ಪಡೆದ ಪ್ರತಿಯೊಂದು ಮತವೂ ಕಾಂಗ್ರೆಸ್‌ನ ಅಧಿಕೃತ ಜಾಲತಾಣದಲ್ಲಿದೆ. ಒಂದೇ ಮತ ನೋಡಿ ತೀರ್ಮಾನಿಸಬೇಡಿ. ನೂರಾರು ವಿಷಯ ತುಂಬಿದ ಬಜೆಟ್ ಮಸೂದೆಗೆ ‘ಇಲ್ಲ’ ಎಂದವರನ್ನು ‘ಸೈನಿಕರ ಸಂಬಳಕ್ಕೆ ವಿರೋಧಿ’ ಎಂದು ಜಾಹೀರಾತು ಮಾಡುವುದು ಹಳೆಯ ತಂತ್ರ. ಗವರ್ನರ್ ಆಗಿದ್ದವರಾದರೆ ಅವರು ಸಹಿ ಹಾಕಿದ ಬಜೆಟ್, ವೀಟೊ ಮಾಡಿದ ಮಸೂದೆ, ವಿಪತ್ತು ಬಂದಾಗ ನಡೆದುಕೊಂಡ ರೀತಿ ನೋಡಿ. ‘ನಾನು ಬಜೆಟ್ ಸರಿದೂಗಿಸಿದೆ’ ಎಂಬ ಹೆಗ್ಗಳಿಕೆಗೆ ಹೆಚ್ಚು ಬೆಲೆ ಬೇಡ, ಬಹುತೇಕ ರಾಜ್ಯಗಳಲ್ಲಿ ಅದು ಕಾನೂನಿನ ಕಡ್ಡಾಯ. ಉದ್ಯಮಿಗಳಾದರೆ ಅವರು ಸಲ್ಲಿಸಲೇಬೇಕಾದ ಆಸ್ತಿ ವಿವರದ 278ಇ ಅರ್ಜಿ ಓದಿ. ಮೊತ್ತಗಳು ‘ಇಷ್ಟರಿಂದ ಇಷ್ಟರವರೆಗೆ’ ಎಂದಿರುತ್ತವೆ. ಆದರೂ ಯಾವ ಕಂಪನಿಯಲ್ಲಿ ಪಾಲಿದೆ, ಯಾರಿಗೆ ಸಾಲವಿದೆ ಎಂಬುದು ಕಾಣುತ್ತದೆ.

ದೇಣಿಗೆ ಕೊಡಬಹುದೇ? ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಕೊಡಬಹುದು. ಎಚ್-1ಬಿ, ಎಚ್-4, ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವವರು, ಊರಿನಲ್ಲಿರುವ ನೆಂಟರು ಕೊಡುವಂತಿಲ್ಲ, ಅವರ ದುಡ್ಡನ್ನು ನಿಮ್ಮ ಹೆಸರಲ್ಲಿ ಕೊಡುವುದೂ ಅಪರಾಧ. 2025-26ರ ಅವಧಿಗೆ ಒಬ್ಬ ಅಭ್ಯರ್ಥಿಗೆ ಮಿತಿ ಪ್ರೈಮರಿಗೆ 3,500 ಡಾಲರ್, ನವೆಂಬರ್ ಚುನಾವಣೆಗೆ ಮತ್ತೆ 3,500. ಈ ಮಿತಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಒಟ್ಟು 200 ಡಾಲರ್ ದಾಟಿದವರ ಹೆಸರು, ಊರು, ಉದ್ಯೋಗ ಫೆಡರಲ್ ಚುನಾವಣಾ ಆಯೋಗದ ತಾಣದಲ್ಲಿ ಎಲ್ಲರಿಗೂ ಕಾಣುತ್ತದೆ, ನಿಮ್ಮದೂ ಸೇರಿ. ಆನ್‌ಲೈನಿನಲ್ಲಿ ಕೊಡುವಾಗ ‘ಪ್ರತಿ ತಿಂಗಳು’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿದೆಯೇ ನೋಡಿಕೊಳ್ಳಿ.

ಸೂಪರ್ ಪ್ಯಾಕ್‌ಗಳಿಗೆ, ಅಂದರೆ ಅಭ್ಯರ್ಥಿಯಿಂದ ಬೇರೆಯಾಗಿ ಪ್ರಚಾರಕ್ಕೆ ಖರ್ಚು ಮಾಡುವ ಗುಂಪುಗಳಿಗೆ, ಕೊಡುವ ದೇಣಿಗೆಗೆ 2010ರಿಂದ ಮಿತಿಯಿಲ್ಲ. ಅಭ್ಯರ್ಥಿಯ ಸ್ವಂತ ಖಾತೆಗೆ ಸಣ್ಣ ದೇಣಿಗೆ ಕಡಿಮೆಯಿದ್ದು, ಬೆಂಬಲದ ಸೂಪರ್ ಪ್ಯಾಕ್‌ಗೆ ನಾಲ್ಕೈದು ಜನರಿಂದಲೇ ಕೋಟಿಗಟ್ಟಲೆ ಬಂದಿದ್ದರೆ, ಆ ನಾಲ್ಕೈದು ಜನರಿಗೆ ಏನು ಬೇಕಿದೆ ಎಂದು ವಿಚಾರಿಸುವುದು ಮತದಾರರ ಹಕ್ಕು.

ಸಮೀಕ್ಷೆಗಳನ್ನು ಎಷ್ಟು ನಂಬಬೇಕು?

ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಒಬ್ಬೊಬ್ಬರ ಅಂಕಿಯೂ ಶೇ 3ರಷ್ಟು ಆಚೀಚೆ ಆಗಬಹುದು. ಇಬ್ಬರ ನಡುವಿನ ಅಂತರದಲ್ಲಿ ಈ ಅನಿಶ್ಚಿತತೆ ಹೆಚ್ಚುಕಡಿಮೆ ಇಮ್ಮಡಿ. 48-45 ಎಂದಿದ್ದರೆ ಯಾರೂ ಮುಂದಿಲ್ಲ ಎಂದೇ ಓದಿ. ಪ್ರೈಮರಿ ಸಮೀಕ್ಷೆಗಳಲ್ಲಿ ಕೇಳಿದವರು 400ರಷ್ಟೇ ಇರುವುದುಂಟು, ಅಲ್ಲಿ ಶೇ 5. ಕೇಳಿದ ದಿನಾಂಕ, ನೋಂದಾಯಿತ ಮತದಾರರೋ ಮತ ಹಾಕುವ ಸಂಭವವಿರುವವರೋ, ಇಡೀ ದೇಶದ್ದೋ ಒಂದು ರಾಜ್ಯದ್ದೋ, ಈ ಮೂರನ್ನು ನೋಡದೆ ಅಂಕಿ ಹಂಚಿಕೊಳ್ಳಬೇಡಿ. 2016 ಮತ್ತು 2020ರಲ್ಲಿ ಹಲವು ರಾಜ್ಯಗಳ ಸಮೀಕ್ಷೆಗಳು ಟ್ರಂಪ್ ಬೆಂಬಲವನ್ನು ಕಡಿಮೆ ಅಂದಾಜು ಮಾಡಿದ್ದವು.

ಟಿವಿ ಚರ್ಚೆ ನೋಡಿ ನಿರ್ಧರಿಸಬಹುದೇ?

ಚರ್ಚೆಯಲ್ಲಿ ಗೊತ್ತಾಗುವುದು ಒತ್ತಡದಲ್ಲಿ ಮಾತಾಡುವ ಶಕ್ತಿ. ಆಡಳಿತಕ್ಕೆ ಅದು ಬೇಕಾದ ಹಲವು ಗುಣಗಳಲ್ಲಿ ಒಂದು. ಕೇಳಿದ ಪ್ರಶ್ನೆಯನ್ನು ಬರೆದುಕೊಂಡು, ಉತ್ತರ ಅದಕ್ಕೇ ಬಂತೇ ನೋಡಿ. ಮರುದಿನ ಪೂರ್ತಿ ಲಿಖಿತ ಪ್ರತಿ ಓದುವುದು ತುಣುಕು ವಿಡಿಯೊ ನೋಡುವುದಕ್ಕಿಂತ ಎಷ್ಟೋ ಮೇಲು.

ಭಾರತ ಮೂಲದವರು ನಿಂತರೆ ಅವರಿಗೇ ಹಾಕಬೇಕಲ್ಲವೇ?

ಹೆಮ್ಮೆ ಸಹಜ. 2024ರಲ್ಲಿ ನಿಕ್ಕಿ ಹೇಲಿ ಮತ್ತು ವಿವೇಕ್ ರಾಮಸ್ವಾಮಿ ರಿಪಬ್ಲಿಕನ್ ಪ್ರೈಮರಿಯಲ್ಲಿದ್ದರು, ಕಮಲಾ ಹ್ಯಾರಿಸ್ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಲಸೆ, ತೆರಿಗೆ, ಆರೋಗ್ಯ ವಿಮೆ ಯಾವುದರಲ್ಲೂ ಮೂವರ ನಿಲುವು ಒಂದೇ ಇರಲಿಲ್ಲ. ರಾಮಸ್ವಾಮಿ ಎಚ್-1ಬಿ ಲಾಟರಿ ಪದ್ಧತಿಯನ್ನೇ ತೆಗೆಯಬೇಕು ಎಂದಿದ್ದರು. ಮೂಲ ನೋಡಿದರೆ ನೀತಿ ತಿಳಿಯುವುದಿಲ್ಲ.

ಅಧ್ಯಕ್ಷರಾಗಲು ಹುಟ್ಟಿನಿಂದ ಪೌರರಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಇಲ್ಲಿ ವಾಸವಾಗಿರಬೇಕು. ಅರ್ಜಿ ಹಾಕಿ ಪೌರತ್ವ ಪಡೆದವರು ಆಗುವಂತಿಲ್ಲ. ಕಾಂಗ್ರೆಸ್‌ಗೆ ಆ ಅಡ್ಡಿಯಿಲ್ಲ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಹೌಸ್‌ಗೆ ಆಯ್ಕೆಯಾದರು.

ನಾನಿರುವುದು ಕ್ಯಾಲಿಫೋರ್ನಿಯದಲ್ಲಿ. ನನ್ನ ಮತದಿಂದ ಏನಾಗುತ್ತದೆ?

ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟರ್‌ಗಳು (ಅಧ್ಯಕ್ಷರನ್ನು ಆರಿಸಲೆಂದೇ ಇರುವ ಪ್ರತಿನಿಧಿಗಳು), ಗೆಲ್ಲಲು 270 ಬೇಕು. ಮೇನ್, ನೆಬ್ರಾಸ್ಕ ಬಿಟ್ಟು ಎಲ್ಲೆಡೆ ರಾಜ್ಯದಲ್ಲಿ ಮುಂದಿರುವವರಿಗೆ ಅಲ್ಲಿನ ಎಲ್ಲ ಎಲೆಕ್ಟರ್‌ಗಳು ಸೇರುತ್ತಾರೆ. 2028ಕ್ಕೆ ಕ್ಯಾಲಿಫೋರ್ನಿಯಕ್ಕೆ 54, ಟೆಕ್ಸಾಸ್‌ಗೆ 40, ಅರಿಜೋನಕ್ಕೆ 11. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದೂ ಸೋತರು. 2020ರಲ್ಲಿ ಅಂತರ ಅರಿಜೋನದಲ್ಲಿ 10,457, ಜಾರ್ಜಿಯದಲ್ಲಿ 11,779, ವಿಸ್ಕಾನ್ಸಿನ್‌ನಲ್ಲಿ 20,682 ಮತ. ಈ ಮೂರೂ ಮಗುಚಿದ್ದರೆ 269-269 ಸಮವಾಗುತ್ತಿತ್ತು.

ಒಂದೇ ಪಕ್ಷದ ಹಿಡಿತದಲ್ಲಿರುವ ರಾಜ್ಯದಲ್ಲಿದ್ದರೆ ನವೆಂಬರ್‌ಗಿಂತ ಪ್ರೈಮರಿಯಲ್ಲಿ ನಿಮ್ಮ ಮತಕ್ಕೆ ಬಲ ಹೆಚ್ಚು. ಕ್ಯಾಲಿಫೋರ್ನಿಯದ ಅಧ್ಯಕ್ಷೀಯ ಪ್ರೈಮರಿ ಅಲ್ಲಿನ ಕಾನೂನಿನಂತೆ ಮಾರ್ಚ್ ಆರಂಭದ ಮಂಗಳವಾರ. 2028ರಲ್ಲಿ ಅದು ಮಾರ್ಚ್ 7.

ಇಬ್ಬರೂ ಬೇಡವಾದರೆ? ‘ನೋಟಾ’ ಇದೆಯೇ?

ನೆವಾಡದಲ್ಲಿ ಮಾತ್ರ ‘ಇವರಲ್ಲಿ ಯಾರೂ ಅಲ್ಲ’ ಎಂಬ ಸಾಲಿದೆ. ಮೂರನೇ ಪಕ್ಷಕ್ಕೆ ಹಾಕಬಹುದು, ಫಲ ಏನೆಂದು ತಿಳಿದು ಹಾಕಿ. 1992ರಲ್ಲಿ ರಾಸ್ ಪೆರೊ ಶೇ 19ರಷ್ಟು ಮತ ಪಡೆದರೂ ಒಬ್ಬ ಎಲೆಕ್ಟರ್ ಕೂಡ ಸಿಗಲಿಲ್ಲ. 2000ದಲ್ಲಿ ಫ್ಲಾರಿಡದ ಅಂತರ 537 ಮತ, ಅಲ್ಲಿ ರಾಲ್ಫ್ ನೇಡರ್ ಪಡೆದದ್ದು 97,488.

ಪ್ರೈಮರಿಯಲ್ಲಿ ಮುಂಚಿತವಾಗಿ ಮತ ಹಾಕಿಬಿಡಲೇ?

ತುಸು ಕಾಯಿರಿ. ಹಲವು ರಾಜ್ಯಗಳ ಪ್ರೈಮರಿ ಒಂದೇ ದಿನ ನಡೆಯುವ ಸೂಪರ್ ಟ್ಯೂಸ್‌ಡೇ 2020ರಲ್ಲಿ ಮಾರ್ಚ್ 3ರಂದು ಇತ್ತು. ಅದಕ್ಕೆ ಎರಡು ದಿನವಿರುವಾಗ ಡೆಮಾಕ್ರಟಿಕ್ ಆಕಾಂಕ್ಷಿ ಪೀಟ್ ಬುಟಿಜೆಜ್, ಒಂದು ದಿನವಿರುವಾಗ ಅದೇ ಪಕ್ಷದ ಏಮಿ ಕ್ಲೋಬಶಾರ್ ಹಿಂದೆ ಸರಿದರು. ಅಷ್ಟರಲ್ಲಿ ಅವರಿಗೆ ಅಂಚೆಯಲ್ಲಿ ಮತ ಕಳಿಸಿದ್ದವರಿಗೆ ಬಹುತೇಕ ಕಡೆ ಬದಲಿಸುವ ದಾರಿಯಿರಲಿಲ್ಲ. ಪ್ರೈಮರಿಯಲ್ಲಿ ಕೊನೆಯ ವಾರದವರೆಗೆ ಕಾದು ಕೌಂಟಿಯ ಡ್ರಾಪ್ ಬಾಕ್ಸ್‌ಗೆ ಹಾಕುವುದು ಲೇಸು. ನವೆಂಬರ್‌ನಲ್ಲಿ ಈ ಭಯವಿಲ್ಲ, ಬೇಗ ಹಾಕಿದಷ್ಟೂ ತಪ್ಪು ತಿದ್ದಲು ಸಮಯ ಸಿಗುತ್ತದೆ.

ಅಂಚೆ ಮತ ತಿರಸ್ಕಾರವಾಗುವುದು ಯಾಕೆ?

ಮುಖ್ಯವಾಗಿ ತಡವಾಗಿ ತಲುಪುವುದರಿಂದ, ಸಹಿ ಮರೆತದ್ದರಿಂದ, ಸಹಿ ಹೊಂದದೆ ಇರುವುದರಿಂದ. ನಮ್ಮಲ್ಲಿ ಅನೇಕರು ಪಾಸ್‌ಪೋರ್ಟ್‌ಗೆ ಕನ್ನಡದಲ್ಲಿ, ಬ್ಯಾಂಕಿಗೆ ಇಂಗ್ಲಿಷ್‌ನಲ್ಲಿ ಸಹಿ ಮಾಡುತ್ತೇವೆ. ಸಹಿ ಯಾವ ಲಿಪಿಯಲ್ಲಿದ್ದರೂ ತೊಂದರೆಯಿಲ್ಲ, ಲೈಸೆನ್ಸ್ ಅಥವಾ ನೋಂದಣಿಯಲ್ಲಿ ಇರುವ ಸಹಿಗೆ ಹೊಂದಬೇಕು. ಲಕೋಟೆ ಕಳಿಸುವ ಮುನ್ನ ಲೈಸೆನ್ಸ್ ಪಕ್ಕದಲ್ಲಿಟ್ಟು ನೋಡಿ. ಹೊಂದದಿದ್ದರೆ ಅನೇಕ ರಾಜ್ಯಗಳು ಪತ್ರ, ಫೋನ್ ಅಥವಾ ಇಮೇಲ್ ಮೂಲಕ ತಿಳಿಸಿ, ಸರಿಪಡಿಸಲು ಕೆಲವೇ ದಿನ ಕೊಡುತ್ತವೆ. ಅಪರಿಚಿತ ನಂಬರಿನ ಕರೆ ಎಂದು ಕತ್ತರಿಸಿ ಈ ಅವಕಾಶ ಕಳೆದುಕೊಳ್ಳಬೇಡಿ.

ಪೌರತ್ವ ಪಡೆದ ಅಪ್ಪ ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಜೊತೆಗೆ ಹೋಗಬಹುದೇ?

ಹೋಗಬಹುದು. ಓದಲು ಬಾರದವರು, ಅಂಗವಿಕಲರು ತಮಗೆ ಬೇಕಾದವರನ್ನು ಕರೆದೊಯ್ಯಬಹುದು ಎನ್ನುತ್ತದೆ ಮತದಾನ ಹಕ್ಕು ಕಾಯ್ದೆಯ 208ನೇ ಸೆಕ್ಷನ್. ಅವರ ಮಾಲೀಕರು, ಮಾಲೀಕರ ಪ್ರತಿನಿಧಿ ಅಥವಾ ಕಾರ್ಮಿಕ ಸಂಘದವರು ಮಾತ್ರ ಆಗಬಾರದು. ಮಾದರಿ ಮತಪತ್ರ ಕೌಂಟಿಯ ತಾಣದಲ್ಲಿ ಮೊದಲೇ ಸಿಗುತ್ತದೆ. ಮನೆಯಲ್ಲಿ ಕೂತು ಒಂದೊಂದು ಹುದ್ದೆಯನ್ನೂ ಕನ್ನಡದಲ್ಲಿ ವಿವರಿಸಿ. ಆಯ್ಕೆ ಅವರದೇ ಆಗಿರಲಿ. ಮನೆಯ ಯಜಮಾನರು ಎಲ್ಲರ ಮತಪತ್ರ ತಾವೇ ತುಂಬುವುದು ಕಾನೂನಿಗೂ ವಿರುದ್ಧ, ಅವರಿಗೂ ಅನ್ಯಾಯ.

ಬೆಂಗಳೂರಿಗೆ ವಾಪಸ್ ಬಂದಿರುವ ಅಮೆರಿಕ ಪೌರರು?

ಮತ ಹಾಕಬಹುದು. ಅಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದು 18 ತುಂಬಿದ ಮಕ್ಕಳ ಬಗ್ಗೆ ಮಾತ್ರ, ಅಲ್ಲಿ ವಾಸವಾಗಿದ್ದ ವಿಳಾಸವೇ ಇಲ್ಲದಿದ್ದರೆ, ಆಯಾ ರಾಜ್ಯದ ನಿಯಮ ನೋಡಬೇಕು. ವಿದೇಶದಲ್ಲಿರುವ ಮತದಾರರು ನೋಂದಣಿಗೂ ಮತಪತ್ರಕ್ಕೂ ತುಂಬುವ ಎಫ್‌ಪಿಸಿಎ ಎಂಬ ಅರ್ಜಿಯನ್ನು ಆ ವರ್ಷದ ಜನವರಿಯಲ್ಲೇ ತುಂಬಿ, ಅಮೆರಿಕದಲ್ಲಿ ಕೊನೆಗೆ ವಾಸವಿದ್ದ ವಿಳಾಸದ ಕೌಂಟಿಗೆ ಕಳಿಸಿ. ಪ್ರತಿ ಚುನಾವಣಾ ವರ್ಷವೂ ಹೊಸದಾಗಿ ಕಳಿಸುವುದು ಕ್ಷೇಮ. ಚುನಾವಣೆಗೆ 45 ದಿನ ಮೊದಲು ಮತಪತ್ರ ಕಳಿಸಬೇಕೆಂದು ಫೆಡರಲ್ ಕಾನೂನಿದೆ. ಇಮೇಲ್‌ನಲ್ಲಿ ತರಿಸಿಕೊಳ್ಳಿ. ಹಿಂದಿರುಗಿಸಲು ಕೆಲವು ರಾಜ್ಯಗಳು ಇಮೇಲ್ ಅಥವಾ ಫ್ಯಾಕ್ಸ್ ಒಪ್ಪುತ್ತವೆ, ಉಳಿದವು ಕಾಗದವನ್ನೇ ಕೇಳುತ್ತವೆ. ಅಂಥ ರಾಜ್ಯವಾದರೆ ಸಾಮಾನ್ಯ ಅಂಚೆ ನೆಚ್ಚಿಕೊಳ್ಳದೆ ಕೊರಿಯರ್ ಮಾಡಿ. ಅಮೆರಿಕದ ಪೌರತ್ವ ಬಿಡದೆ ಒಸಿಐ ಕಾರ್ಡ್ ಇಟ್ಟುಕೊಂಡವರಿಗೆ ಭಾರತದಲ್ಲಿ ಮತವಿಲ್ಲ ಎಂಬುದೂ ಗೊತ್ತಿರಲಿ.

ವಾಟ್ಸಾಪ್ ಗುಂಪಿನಲ್ಲಿ ಬರುವ ವಿಡಿಯೊಗಳು?

ತಾರೀಖು ಮತ್ತು ಪೂರ್ತಿ ಭಾಷಣ ಸಿಗದಿದ್ದರೆ ಮುಂದೆ ಕಳಿಸಬೇಡಿ. ಮತಗಟ್ಟೆ ಬದಲಾಗಿದೆ, ದಿನಾಂಕ ಮುಂದೆ ಹೋಗಿದೆ, ಮೆಸೇಜ್ ಮೂಲಕ ಮತ ಹಾಕಬಹುದು ಎಂಬಂಥವನ್ನು ಕೌಂಟಿಯ ತಾಣದಲ್ಲಿ ಮಾತ್ರ ಖಚಿತಪಡಿಸಿಕೊಳ್ಳಿ. ತುಂಬಿದ ಮತಪತ್ರದ ಫೋಟೊ ಹಂಚುವುದು ನ್ಯೂಯಾರ್ಕ್, ಇಲಿನಾಯ್ ಸೇರಿ ಹಲವು ರಾಜ್ಯಗಳಲ್ಲಿ ನಿಷಿದ್ಧ.

ಫಲಿತಾಂಶ ಅದೇ ರಾತ್ರಿ ಬರುತ್ತದೆಯೇ?

ಬರಬಹುದು, ಬರದೆಯೂ ಇರಬಹುದು. 2020ರಲ್ಲಿ ಮತದಾನ ಮಂಗಳವಾರ ನಡೆದರೆ ಸುದ್ದಿಸಂಸ್ಥೆಗಳು ಗೆದ್ದವರ ಹೆಸರು ಹೇಳಿದ್ದು ಶನಿವಾರ. ಅಂಚೆ ಮತಗಳನ್ನು ಮೊದಲೇ ಪರಿಶೀಲಿಸಲು ಕೆಲವು ರಾಜ್ಯಗಳು ಬಿಡುವುದಿಲ್ಲ, ಅದರಿಂದಲೇ ಎಣಿಕೆ ತಡ. ರಾತ್ರಿ ಮುಂದಿದ್ದವರು ಬೆಳಿಗ್ಗೆ ಹಿಂದೆ ಬಿದ್ದರೆ ಅದು ಮೋಸವೆಂದಲ್ಲ, ಯಾವ ಮತಗಳನ್ನು ಮೊದಲು ಎಣಿಸಿದರು ಎಂಬುದರ ಪರಿಣಾಮ. ಎಲೆಕ್ಟರ್‌ಗಳು ಮತ ಹಾಕುವುದು 2028ರ ಡಿಸೆಂಬರ್ 19ರಂದು, ಕಾಂಗ್ರೆಸ್ ಅವನ್ನು ಎಣಿಸುವುದು 2029ರ ಜನವರಿ 6ರಂದು, ಹೊಸ ಅಧ್ಯಕ್ಷರ ಪ್ರಮಾಣವಚನ ಜನವರಿ 20ರಂದು. ನಿಮ್ಮ ಅಂಚೆ ಮತ ತಲುಪಿತೇ, ಎಣಿಕೆಗೆ ಸೇರಿತೇ ಎಂಬುದನ್ನು ಬಹುತೇಕ ರಾಜ್ಯಗಳ ತಾಣದಲ್ಲಿ ಹೆಸರು, ಜನ್ಮದಿನಾಂಕ ಹಾಕಿ ನೋಡಬಹುದು.